ಎಡಮಗ್ಗುಲಿಗೆ ಒಗ್ಗುವ ಗೇಮ್

ಜೂನ್ 3, 2025, ಮಂಗಳವಾರ
ಹುಣಸೂರು, ನನ್ನ ಮೊಬೈಲ್ ರಿಪೇರಿ ಅಂಗಡಿ. ಬೆಳಿಗ್ಗೆಯಿಂದ ಮೂರು ಡಿಸ್‌ಪ್ಲೇ, ಒಂದು ಚಾರ್ಜಿಂಗ್ ಪಿನ್. ಮಧ್ಯಾಹ್ನ ಕೊರಿಯರ್ ಬಂತು. ಕೈಲಿ ಹಿಡಿದು ಆಡೋ ವಿಡಿಯೋ ಗೇಮ್ ಎರಡು — ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಒಳಗಿರೋದೆಲ್ಲ ನಾವು ಸ್ಕೂಲಲ್ಲಿದ್ದಾಗಿನ ಆಟಗಳೇ. ಪಕ್ಕದ ಪ್ರಭುಸ್ವಾಮಿಯ ಚಿನ್ನದಂಗಡೀಲಿ ತೂಗಿಸಿದೆ. ಅಡ್ಡದ್ದು ಇನ್ನೂರೆಂಬತ್ತು ಗ್ರಾಂ — ಸ್ಕ್ರೀನ್ ದೊಡ್ಡದು, ಬ್ಯಾಟರಿ ದೊಡ್ಡದು. ಉದ್ದದ್ದು ನೂರೆಪ್ಪತ್ತು, ಸ್ಕ್ರೀನ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ವಾಸಿ.

ನನ್ನ ಹೆಂಡತಿ ಐಶುಗೆ ಏಳನೇ ತಿಂಗಳು. ಪಿರಿಯಾಪಟ್ಟಣದ ತವರಲ್ಲಿ ಮಲಗಿದ್ದಾಳೆ. ಓಡಾಡಬೇಡಿ, ಎಡಮಗ್ಗುಲಿಗೆ ಮಲಗಿ — ಡಾಕ್ಟರ್ ಹೇಳಿದ್ದಾರೆ. ಹೋದ ವರ್ಷದ್ದು ಆರನೇ ತಿಂಗಳಿಗೇ ಹೋಯ್ತು. ಈಗ ಗೋಡೆ ನೋಡ್ತಾ ಅದನ್ನೇ ಯೋಚಿಸ್ತಾಳೆ. ಫೋನಲ್ಲಿ ಏನೇನೋ ಓದಿ ಹೆದರ್ತಾಳೆ ಅಂತ ಅತ್ತೆ ಅದನ್ನೂ ಇಸ್ಕೊಂಡಿದ್ದಾರೆ. ಅವಳ ತಲೆ ಬೇರೆ ಕಡೆ ತಿರುಗಿಸಬೇಕು. ಅಷ್ಟೇ ನನ್ನ ಕೈಲಾಗೋದು.

ಜೂನ್ 4
ಶಟರ್ ಅರ್ಧ ಎಳೆದು, ಹೊಟ್ಟೆಗೆ ದಿಂಬು ಕಟ್ಕೊಂಡು, ಬೆಂಚಿನ ಮೇಲೆ ಎಡಮಗ್ಗುಲಿಗೆ ಮಲಗಿ ಆಡಿದೆ. ಅಡ್ಡದ್ದಕ್ಕೆ ಎರಡೂ ಕೈ ಬೇಕು, ಹತ್ತೇ ನಿಮಿಷಕ್ಕೆ ಮಣಿಕಟ್ಟು ನೋವು. ಉದ್ದದ್ದು ಎದೆಗೆ ಒರಗಿಸಿದರೆ ನಿಲ್ಲುತ್ತೆ. ಬಟನ್ ಮಾತ್ರ ಟಕ ಟಕ.

ಪ್ರಭುಸ್ವಾಮಿ ಬಗ್ಗಿ ನೋಡಿದ. "ಏನ್ಲಾ ಶಶಿ, ನಿಂಗೆಷ್ಟ್ ತಿಂಗ್ಳು?"

ಉದ್ದದ್ದೇ ಸರಿ. ಒಳಗಿನ ರಬ್ಬರ್ ಬದಲಾಯಿಸಿದೆ. ಸದ್ದು ನಿಂತಿತು, ಆದ್ರೆ ಒತ್ತಿದ್ದೂ ಬೆರಳಿಗೆ ಸರಿಯಾಗಿ ಗೊತ್ತಾಗಲ್ಲ. ಒಂದು ಬೇಕಂದ್ರೆ ಇನ್ನೊಂದು ಬಿಡಬೇಕು.

ಜೂನ್ 5
ಬಸ್ ಕಂಡಕ್ಟರ್ ಕೈಲಿ ಕಳಿಸಿದೆ. ಅತ್ತೆ ಯಶೋದಮ್ಮನವರೇ ಸ್ಟ್ಯಾಂಡಿಗೆ ಬಂದು ಇಸ್ಕೊಂಡರಂತೆ. ಐಶುಗೆ ಹೇಳಿಲ್ಲ — ಸರ್‌ಪ್ರೈಸ್.

ಜೂನ್ 10
ಗೇಮ್ ಸುದ್ದೀನೇ ಇಲ್ಲ. ದಿನಾ ಅತ್ತೆ ಫೋನಲ್ಲಿ ಊಟ ಆಯ್ತಾ, ಮಾತ್ರೆ ಆಯ್ತಾ, ಅಷ್ಟೇ. ಸ್ಕ್ರೀನ್ ಚಿಕ್ಕದಾಯ್ತೇನೋ. ಅಡ್ಡದ್ದನ್ನೇ ಕಳಿಸಬೇಕಿತ್ತೇನೋ. ಬಾಯಿ ಬಿಟ್ಟು ಕೇಳೋಕೆ ನನಗೂ ಬಿಗುಮಾನ.

ಜೂನ್ 15, ಭಾನುವಾರ
ಹೋಗಿದ್ದೆ. ಅಡ್ಡದ್ದನ್ನೂ ಬ್ಯಾಗಲ್ಲಿ ಹಾಕ್ಕೊಂಡೇ. ಐಶು ಗೋಡೆ ನೋಡ್ತಾ ಮಲಗಿದ್ದಳು. ಗೇಮ್ ಚಿಕ್ಕದಾಯ್ತಾ ಅಂದರೆ, "ಯಾವ ಗೇಮು?" ಅಂದಳು.

ಅತ್ತೆ ಅಡುಗೆಮನೆಗೆ ಕರೆದರು. ಅಟ್ಟದ ಮೇಲೆ, ಹಳೇ ಸೀರೆ ಸುತ್ತಿ, ನನ್ನ ಪಾರ್ಸಲ್. ಬಿಚ್ಚಿ ಡಬ್ಬ ನೋಡಿ ಮತ್ತೆ ಕಟ್ಟಿದ್ದು. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

"ಡಬ್ಬದ್ ಮ್ಯಾಲೆ ಬೊಂಬೆ ಚಿತ್ರ ಇತ್ತು ಕಣ್ರೀ ಅಳಿಯಂದ್ರೇ. ಮಗೀಗೆ ಅಂದ್ಕಂಡೆ. ಉಟ್ಟೋಕ್ ಮುಂಚೆ ಆಟದ್ ಸಾಮಾನು ತರಬಾರ್ದು. ಓದ್ ಸತಿ ನಾನೇ ಆಸೆ ತಡೀನಾರ್ದೆ ಕುಲಾವಿ ಒಲ್ದು ಮಡಗಿದ್ದೆ..." ಸೆರಗು ಬಾಯಿಗಿಟ್ಟುಕೊಂಡರು.

ಒಂದು ವರ್ಷದಿಂದ ಇದನ್ನು ಒಬ್ಬರೇ ಹೊತ್ತಿದ್ದಾರೆ. ನನ್ನ ಸಿಟ್ಟು ಎಲ್ಲಿ ಹೋಯ್ತೋ. "ಅದು ನಿಮ್ಮಿಂದ ಆಗಿದ್ದಲ್ಲ ಅತ್ತೆ. ಇದು ಮಗೂಗಲ್ಲ, ನಿಮ್ಮ ಮಗಳಿಗೆ," ಅಂದೆ. ಅವರೇ ಧೂಳು ಒರೆಸಿ ಅವಳ ಕೈಗೆ ಕೊಟ್ಟರು.

ಜೂನ್ 22
ಐಶು ದೂರು: ಅಕ್ಷರ ಕಾಣಲ್ಲ, ಬಟನ್ ಮೆತ್ತಗೆ, ಬ್ಯಾಟರಿ ಸಂಜೆಗೇ ಖಾಲಿ. ಅಡ್ಡದ್ದು ಕೊಡ್ತೀನಿ ಅಂದರೆ ಬೇಡವಂತೆ. ಅವಳು ನಿದ್ದೆ ಮಾಡಿದಾಗ ಅತ್ತೆ ಆಡ್ತಾರಂತೆ. "ನಿಮ್ಮತ್ತೆ ನಂಗಿಂತ ಎರಡು ಲೆವೆಲ್ ಮುಂದವ್ರೆ ಕಣ್ರೀ." ಎಷ್ಟು ದಿನ ಆಗಿತ್ತು ಅವಳು ನಕ್ಕು.

ಜುಲೈ 2, ಬೆಳಿಗ್ಗೆ 11.20
ಬಸ್ಸು. ರಾತ್ರಿಯಿಂದ ಮಗು ಅಲುಗಾಡಿಲ್ಲ ಅಂತ ಫೋನ್. ಅತ್ತೆ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ. ಏನಾದ್ರೂ ಬರೀತಿರಬೇಕು, ಇಲ್ಲಾಂದ್ರೆ ಆಗಲ್ಲ. ಮುಂದಿನ ಸೀಟಲ್ಲಿ ಎರಡು ಕೋಳಿ. ಡ್ರೈವರ್ ನಿಧಾನ... ದೇವರೇ.

11.55
ಅತ್ತೆ ಫೋನಿಂದ ಐಶು. ಹಾರ್ಟ್‌ಬೀಟ್ ನೋಡಿದ್ರಂತೆ, ಇದೆ. ಸ್ಕ್ಯಾನಿಗೆ ಕ್ಯೂ. ಸುಮ್ನೆ ಮಲಗಿದ್ರೆ ಹುಚ್ಚು ಹಿಡಿಯುತ್ತೆ ಅಂತ ಗೇಮ್ ಹೊಟ್ಟೆಗೆ ಒರಗಿಸಿ ಆಡ್ತಿದ್ದಳಂತೆ.

"ಒದ್ದು ಬೀಳಿಸ್ತು ಕಣ್ರೀ. ಗೆಲ್ಲೋದ್ರಲ್ಲಿದ್ದೆ."

ಹಗುರದ್ದು ಕಳಿಸಿದ್ದಕ್ಕೆ ಬಿತ್ತು. ಹಿಂದಿನಿಂದ ಅತ್ತೆ, "ಇನ್ನೊಂದ್ ಸತಿ ಒದೀತು ಅಂತ ಅಳಿಯಂದ್ರಿಗೆ ಯೇಳವ್ವ, ಯೇಳು" ಅಂತ. ಪಕ್ಕದ ಸೀಟಿನ ಅಜ್ಜ ಯಾಕಪ್ಪ ಅಳ್ತೀಯ ಅಂತ ಕೇಳ್ತಿದ್ದಾರೆ. ಹೇಳೋಣ ಅಂದ್ರೆ ಸ್ಟ್ಯಾಂಡ್ ಬಂತು, ಇಳೀ—