ತಳ್ಳಿದಳೋ, ಹಿಡಿದಳೋ

ಮಯೂರ್ ವಿಹಾರ್, ದೆಹಲಿ
14 ಸೆಪ್ಟೆಂಬರ್ 2025, ಭಾನುವಾರ ಮಧ್ಯಾಹ್ನ

ಸಿಂಧು,

ಆಶೀರ್ವಾದ ಬರೆಯಲೋ ಶಾಪ ಬರೆಯಲೋ ಎಂದು ಪೆನ್ನು ಹಿಡಿದು ಕೂತವಳು ಕೊನೆಗೆ ಬರೀ ನಿನ್ನ ಹೆಸರು ಬರೆದಿದ್ದೇನೆ. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಬಾಗಿಲು ಬಡಿದರೆ ತೆಗೆಯುವುದಿಲ್ಲ. ನನ್ನ ಮನೆಯ ನೆಲವೇ ನಿನ್ನ ಮನೆಯ ಸೂರು, ನೀನು ಕುಕ್ಕರ್ ಇಟ್ಟರೆ ಸೀಟಿ ನನಗೆ ಕೇಳುತ್ತದೆ, ಆದರೂ ನಿನಗೆ ಕಾಗದ ಬರೆಯುವ ಗತಿ ಬಂತು ನೋಡು. ಹರಿದು ಹಾಕಬೇಡ. ಓದಿ ಆಮೇಲೆ ಬೇಕಾದರೆ ಹರಿ. ನಾಳೆ ಬೆಳಿಗ್ಗೆ ನಾನು ಠಾಣೆಗೆ ಹೋಗಿ ಹೇಳಿಕೆಗೆ ಸಹಿ ಹಾಕುವವಳಿದ್ದೇನೆ. ಅದಕ್ಕೆ ಮುಂಚೆ ನೀನಿದನ್ನು ಓದಬೇಕು.

ನಿನ್ನ ಮಗಳ, ನಮ್ಮ ಲಾವಣ್ಯಾಳ, ಎಡಗಣ್ಣಿನ ಪಟ್ಟಿ ಬಿಚ್ಚಿದರಂತೆ, ಆ ಕಣ್ಣಿಗೆ ಇನ್ನು ಬೆಳಕು ಬರುವುದಿಲ್ಲವಂತೆ. ನಮ್ಮವರು ಲಿಫ್ಟಿನಲ್ಲಿ ನಿನ್ನ ಯಜಮಾನರಿಂದ ಕೇಳಿಕೊಂಡು ಬಂದು, ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕುಸಿದು ಅತ್ತರು. ಗುರುರಾಜರು ಅತ್ತದ್ದನ್ನು ನಾನು ಅವರಪ್ಪ ಹೋದಾಗಲೂ ನೋಡಿರಲಿಲ್ಲ. ನನಗೆ ಅಳು ಬರಲಿಲ್ಲ ಸಿಂಧು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು, ಚಚ್ಚಿಕೊಂಡೆ. ಕೆಳಗೆ ನಿನಗೆ ಸದ್ದು ಕೇಳಿರಬೇಕು.

ಇದೆಲ್ಲ ಯಾತಕ್ಕೆ? ಒಂದು ಹಾಳು ಸೀರಿಯಲ್ಲಿಗೆ!

ಎಷ್ಟು ಚೆನ್ನಾಗಿ ಶುರುವಾಗಿತ್ತಲ್ಲೇ. ಗಂಡಸರು ಆಫೀಸಿಂದ ಬರುವ ಮೊದಲು ನಿನ್ನ ಮನೆಯಲ್ಲಿ ಕೂತು, ಅವರೆಕಾಳೋ ಬಟಾಣಿಯೋ ಸುಲಿಯುತ್ತಾ 'ಅರಗಿನ ಉಂಗುರ' ನೋಡುತ್ತಿದ್ದೆವು. ಈ ಹಿಂದಿಯವರ ಊರಲ್ಲಿ ಅರ್ಧ ಗಂಟೆ ಕಿವಿ ತುಂಬ ಕನ್ನಡ ಕೇಳುವುದೇ ನಮಗೆ ಹಬ್ಬ. ನೀನೇ ನನ್ನನ್ನು 'ಉಂಗುರ ಬಳಗ'ದ ಗ್ರೂಪಿಗೆ ಸೇರಿಸಿದೆ. ನೋಯ್ಡಾ, ಗುರುಗ್ರಾಮ, ಅಲ್ಲಿ ಊರ ಕಡೆಯ ಸಾವಿರಾರು ಜನ, ಎಲ್ಲರೂ ಸೊಸೆ ವಸುಂಧರೆಗಾಗಿ ಒಟ್ಟಿಗೆ ಅತ್ತವರೇ. ಆಮೇಲೆ ಬಂತು ಆ ಮೆಟ್ಟಿಲಿನ ಎಪಿಸೋಡು. ಅತ್ತೆ ಮೆಟ್ಟಿಲ ಮೇಲಿಂದ ಉರುಳಿ ಸತ್ತಳು, ವಸುಂಧರೆಯ ಕೈ ಮುಂದೆ ಚಾಚಿತ್ತು. ತಳ್ಳಿದಳೋ, ಹಿಡಿಯಲು ಹೋದಳೋ? ಸೀರಿಯಲ್ಲಿನವರು ತಿಂಗಳುಗಟ್ಟಲೆ ಹೇಳಲಿಲ್ಲ. ಜನ ಹೊಡೆದಾಡಿಕೊಂಡಷ್ಟೂ ಅವರಿಗೆ ಲಾಭ ತಾನೇ. ಗ್ರೂಪು ಒಡೆದು ತಳ್ಳುಪಕ್ಷ, ಹಿಡಿಪಕ್ಷ ಎಂದು ಎರಡಾಯಿತು. ನೀನು ಅಲ್ಲಿ, ನಾನು ಇಲ್ಲಿ.

ಮೊದಮೊದಲು ತಮಾಷೆಯೇ. ನೀನು ಆ ದೃಶ್ಯವನ್ನು ನಿಧಾನಕ್ಕೆ ಓಡಿಸಿ, ಬೆರಳಿನ ಸುತ್ತ ಕೆಂಪು ಗೆರೆ ಎಳೆದು, "ನೋಡಿ ಹೆಬ್ಬೆರಳು ಹೇಗಿದೆ, ಇದು ತಳ್ಳಿದ ಕೈಯೇ" ಎಂದು ಹಾಕಿದೆ. ನಾನು ಅದೇ ದೃಶ್ಯಕ್ಕೆ ಹಸಿರು ಗೆರೆ ಎಳೆದು, "ಮುಖ ನೋಡ್ರೇ, ಕೊಲೆಗಾರ್ತಿ ಹೀಗೆ ಹೆದರ್ತಾಳಾ" ಎಂದು ಹಾಕಿದೆ. ಸಂಜೆ ನಿನ್ನ ಮನೆಯಲ್ಲಿ ಇಬ್ಬರೂ ಅದನ್ನೇ ಆಡಿಕೊಂಡು ನಗುತ್ತಿದ್ದೆವು. ನಗು ಯಾವತ್ತು ನಿಂತಿತೋ ನನಗೆ ನೆನಪಿಲ್ಲ. ಮುಖವಿಲ್ಲದ ಜನ ಸೇರಿಕೊಂಡರು. ನಿನ್ನ ಕಡೆಯವರು ನನ್ನ ಫೋಟೋಗೆ ಹೆಣದ ಹಾರ ಹಾಕಿದರು. ನನ್ನ ಕಡೆಯವರು ನಿನ್ನ ಮುಖಕ್ಕೆ ಆಸಿಡ್ ಎರಚುವ ಮಾತಾಡಿದರು. ಮುನಿರ್ಕಾದಲ್ಲಿ ಓದಿಗೆಂದು ರೂಮು ಮಾಡಿಕೊಂಡಿದ್ದ ಲಾವಣ್ಯಾಳ ವಿಳಾಸವನ್ನು ಯಾವನೋ ನಮ್ಮ ಪಕ್ಷದ ಪಾಪಿ ಗ್ರೂಪಿಗೆ ಹಾಕಿ, "ತಳ್ಳುಪಕ್ಷದವಳ ಮಗಳು ಮೂರನೇ ಮಹಡಿಯಲ್ಲಿದ್ದಾಳೆ, ಹೋಗಿ ತಳ್ಳಿ ಬನ್ನಿ" ಎಂದು ಬರೆದ. ನಮ್ಮ ಪಕ್ಷದವರು ಏನು ಹಾಕಿದರೂ ಓದದೆ ನಗುವ ಮುಖ ಒತ್ತುವುದು ನನಗೆ ಅಭ್ಯಾಸವಾಗಿತ್ತು. ಅದಕ್ಕೂ ಒತ್ತಿದ್ದೆ. ಆ ಮಗು ಹೆದರಿ ರೂಮು ಬಿಟ್ಟು ಮನೆಗೆ ಬಂದಾಗಲೇ ನನಗೆ ಗೊತ್ತಾದದ್ದು. ನನ್ನ ಬೆರಳಿಗೆ ಹುಳ ಬೀಳಲಿ.

ನಿನ್ನನ್ನೂ ಬಿಡುವುದಿಲ್ಲ ಕೇಳು. "ಮಕ್ಕಳಿಲ್ಲದವರು ಸೀರಿಯಲ್ ಸೊಸೆಯನ್ನೇ ಮಗಳು ಅಂದ್ಕೊಂಡು ಹುಚ್ಚು ಹಿಡಿಸ್ಕೊಂಡಿದ್ದಾರೆ" ಎಂದು ಅಷ್ಟು ಜನರ ಮುಂದೆ ಬರೆದವಳು ನೀನು. ಯಾರೇ ಬರೆದಿದ್ದರೂ ಉಗಿದು ಸುಮ್ಮನಾಗುತ್ತಿದ್ದೆ. ನೀನು! ಮೂರು ಸಲ ಬಸಿರು ಇಳಿದಾಗ ನನ್ನ ರಕ್ತದ ಬಟ್ಟೆ ಒಗೆದವಳು. ಲಾವಣ್ಯಾಗೆ "ದೊಡ್ಡಮ್ಮ ಅನ್ನು" ಎಂದು ಕಲಿಸಿ, ಅವಳನ್ನು ನನ್ನ ಮಡಿಲಿಗೆ ಹಾಕಿ ಕೆಲಸಕ್ಕೆ ಹೋದವಳು. ನನ್ನ ಮೈ ಉರಿದುಹೋಯಿತು. ಅದರ ಕೆಳಗೇ ನಾನು ಬರೆದೆ: "ಸಿಂಧೂರಾಗೆ ತಳ್ಳೋ ಕೈ ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು. ಅವರತ್ತೆ ಬಚ್ಚಲಲ್ಲಿ ಬಿದ್ದು ಸತ್ತಾಗ ಮನೇಲಿ ಇನ್ಯಾರೂ ಇರ್ಲಿಲ್ಲ." ಸುಳ್ಳೆಂದು ನನಗೆ ಗೊತ್ತಿತ್ತು. ಆ ಮುದುಕಿಯನ್ನು ನೀನು ಮಗುವಿನ ಹಾಗೆ ನೋಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡವಳು. ಎಲ್ಲಿ ಚುಚ್ಚಿದರೆ ನಿನಗೆ ಹೆಚ್ಚು ನೋಯುತ್ತದೆ ಎಂದು ಗೊತ್ತಿದ್ದೇ ಚುಚ್ಚಿದೆ. ನಮ್ಮ ಪಕ್ಷದವರು ಚಪ್ಪಾಳೆ ಹೊಡೆದರು.

ಬುದ್ಧಿ ಇರುವ ಜಾತಿಯಾಗಿದ್ದರೆ ಅಲ್ಲಿಗೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆದರೆ ಗೌರಿ ಹಬ್ಬ ಬಂತು. ಹಿಡಿದ ಬಾಗಿನ ಬಿಡಬಾರದು, ಬಿಟ್ಟರೆ ಮುತ್ತೈದೆತನಕ್ಕೆ ಕೇಡು ಎಂದು ನಮ್ಮಮ್ಮಂದಿರು ತಲೆಯಲ್ಲಿ ತುಂಬಿದ್ದಾರಲ್ಲ. ನಿನ್ನ ಕತ್ತು ಹಿಚುಕುವಷ್ಟು ಸಿಟ್ಟಿತ್ತು, ಆದರೂ ನಾನು ಕೂತು ಮೊರಕ್ಕೆ ಅರಿಸಿನ ಹಚ್ಚಿದೆ, ಬೇಳೆ, ಬಳೆ, ಕನ್ನಡಿ, ಕಾಯಿ ಎಲ್ಲ ಒಪ್ಪವಾಗಿ ಜೋಡಿಸಿದೆ. ನೀನೂ ಕೆಳಗೆ ಅದನ್ನೇ ಮಾಡುತ್ತಿದ್ದೆ. ಎರಡು ಪಕ್ಷದ ಹೆಂಗಸರೂ ರೇಷ್ಮೆ ಸೀರೆ ಉಟ್ಟು ಸೊಸೈಟಿಯ ಹಾಲಿಗೆ ಬಂದರು. ಒಂದು ಗೋಡೆಗೆ ನೀವು, ಇನ್ನೊಂದು ಗೋಡೆಗೆ ನಾವು, ನಡುವೆ ಗೌರಮ್ಮ.

ನಿನ್ನ ಬಾಗಿನ ತೆಗೆದುಕೊಳ್ಳಲು ನಾನು ಮುಂದೆ ಬಂದೆ. ಇಬ್ಬರ ಸೆರಗಿನ ಮರೆಯಲ್ಲಿ ಇಬ್ಬರೂ ಮೊರ ಹಿಡಿದಿದ್ದೆವು. ಯಾರಿಗೂ ಕೇಳದ ಹಾಗೆ ನೀನು ಅಂದೆ: "ಬಂಜೆ ಕೈಗೆ ಬಾಗಿನ ಕೊಡಬಾರ್ದಂತೆ. ಆದ್ರೂ ಕೊಡ್ತಿದ್ದೀನಿ, ಹಿಡ್ಕೊ."

ಮೊದಲ ಏಟು ನನ್ನದು. ಅದನ್ನು ಯಾರ ಮುಂದೆಯೂ ಅಲ್ಲಗಳೆದಿಲ್ಲ. ಕೆನ್ನೆಗೆ ಬಾರಿಸಿದ ರಭಸಕ್ಕೆ ನಿನ್ನ ಮೂಗುಬೊಟ್ಟು ಚರ್ಮ ಹರಿದುಕೊಂಡು ಬಂತು. ನೀನು ನನ್ನ ಮಾಂಗಲ್ಯದ ಸರಕ್ಕೆ ಕೈ ಹಾಕಿ ಜಗ್ಗಿದೆ, ಕುತ್ತಿಗೆಯಲ್ಲಿ ಇನ್ನೂ ಬರೆ ಇದೆ. ನಾನು ನಿನ್ನ ತೋಳು ಕಚ್ಚಿದೆ. ಬಾಯಲ್ಲಿ ಉಪ್ಪುಪ್ಪು ರಕ್ತ ಬಂದರೂ ಹಲ್ಲು ಬಿಡಲಿಲ್ಲ. ಅಷ್ಟು ಹೊತ್ತಿಗೆ ಎರಡು ಗೋಡೆಯವರೂ ಮೈಮೇಲೆ ಬಂದವರ ಹಾಗೆ ನುಗ್ಗಿದ್ದರು. ತಲೆಕೂದಲು ಹಿಡಿದು ನೆಲಕ್ಕೆ ಚಚ್ಚುವುದೇನು, ಚಪ್ಪಲಿಯೇನು, ಕುರ್ಚಿಯೇನು! ಒಡೆದ ಹಸಿರು ಬಳೆ ಎಲ್ಲರ ಮಣಿಕಟ್ಟಿಗೂ ಹೊಕ್ಕಿತ್ತು. ರಂಗೋಲಿಯ ಮೇಲೆ ಕುಂಕುಮ ಯಾವುದು ರಕ್ತ ಯಾವುದು ಗೊತ್ತಾಗುತ್ತಿರಲಿಲ್ಲ. ಯಾರದೋ ಕಾಲಿಗೆ ಸಿಕ್ಕಿ ಗೌರಮ್ಮನ ತಲೆ ಮುರಿಯಿತು. ಗ್ರೂಪಿನ ಅಡ್ಮಿನ್ ಸುಹಾಸ್, ನೋಯ್ಡಾದ ಆ ಕಂಪ್ಯೂಟರ್ ಹುಡುಗ, ಬಿಡಿಸುವುದು ಬಿಟ್ಟು ಮೇಜಿನ ಮೇಲೆ ಹತ್ತಿ ಲೈವ್ ಮಾಡುತ್ತಿದ್ದ. ಲಾವಣ್ಯಾ ಒಬ್ಬಳೇ "ಬಸ್ ಕರೋ! ಅಮ್ಮಾ, ದೊಡ್ಡಮ್ಮ, ಪ್ಲೀಸ್, ಸಾಕು ನಿಲ್ಸಿ!" ಎಂದು ಕಿರುಚುತ್ತಾ ನಮ್ಮನ್ನು ಬಿಡಿಸಲು ಬಂದದ್ದು. ಆಮೇಲೆ ಆ ತೆಂಗಿನಕಾಯಿ.

ನಾನೇ ಎಸೆದೆನೆಂದು ನೀನು ದೂರು ಕೊಟ್ಟೆ. ತಳ್ಳುಪಕ್ಷದವರೆಲ್ಲ ಠಾಣೆಗೆ ಹೋಗಿ, ಲೀಲಮ್ಮ ಎಸೆದದ್ದನ್ನು ಕಣ್ಣಾರೆ ನೋಡಿದೆವು ಎಂದರು. ಹಿಡಿಪಕ್ಷದವರೆಲ್ಲ ಹೋಗಿ, ಸಿಂಧೂರಾ ಎಸೆದದ್ದನ್ನು ಕಣ್ಣಾರೆ ನೋಡಿದೆವು ಎಂದರು. ಆ ಹೊತ್ತಿನಲ್ಲಿ ಹಾಲಿನಲ್ಲೇ ಇಲ್ಲದಿದ್ದವರೂ ನೋಡಿದ್ದಾರೆ! ಸುಹಾಸನ ವಿಡಿಯೋ ನಿಧಾನಕ್ಕೆ ಓಡಿಸಿ, ನನ್ನ ಕೈಗೊಂದು ಗೆರೆ, ನಿನ್ನ ಕೈಗೊಂದು ಗೆರೆ ಎಳೆದು ಇವತ್ತಿಗೂ ಹಾಕುತ್ತಿದ್ದಾರೆ. ಅದರಲ್ಲಿ ಕಾಣುವುದು ಸೀರೆಯ ಗೊಂಚಲು, ಆಮೇಲೆ ನೆಲದ ಮೇಲೆ ಬಿದ್ದ ನಮ್ಮ ಮಗು. ಠಾಣೆಯ ಆ ಹೆಂಗಸು ಇನ್ಸ್‌ಪೆಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಂಟೀಜೀ, ಏಕ್ ಸೀರಿಯಲ್ ಕೆ ಲಿಯೇ?" ಎಂದಳು, ಒಂದು ಸೀರಿಯಲ್ಲಿಗೋಸ್ಕರವೇ ಎಂದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಈಗ ನಿನಗೂ ನನಗೂ ಗೊತ್ತಿರುವುದನ್ನು ಬರೆಯುತ್ತೇನೆ. ನನ್ನ ಎರಡೂ ಕೈ ನಿನ್ನ ಜಡೆಯಲ್ಲಿದ್ದವು. ಲಾವಣ್ಯಾ ಹಿಂದಿನಿಂದ ನನ್ನ ಸೊಂಟ ಹಿಡಿದು ಎಳೆದಳು, ನಿನ್ನ ಜಡೆ ನನ್ನ ಕೈಯಿಂದ ಜಾರಿತು. ನೀನು ಬಗ್ಗಿ ಮೊರದಿಂದ ಉರುಳಿದ್ದ ಕಾಯಿ ಎತ್ತಿ ನನ್ನ ಮುಖಕ್ಕೆ ಬೀಸಿದೆ. ನಾನು ತಲೆ ತಗ್ಗಿಸಿದೆ. ಹಿಂದೆ ಅವಳಿದ್ದಾಳೆಂದು ಗೊತ್ತಿದ್ದೂ ತಗ್ಗಿಸಿದೆ ಸಿಂಧು. ಜೀವ ಅನ್ನುವುದು ಎಂಥ ನಾಚಿಕೆಗೆಟ್ಟದ್ದು! ನೀನು ಎಸೆದೆ, ನಾನು ಬಗ್ಗಿದೆ. ನೀನು ಹೆತ್ತ ತಾಯಿ, ನಾನು ಸಾಕಿದವಳು, ಇಬ್ಬರೂ ಸೇರಿ ಅವಳ ಕಣ್ಣು ತೆಗೆದೆವು.

ನಿನಗೆ ನಿದ್ದೆ ಇಲ್ಲದ್ದು ನನಗೆ ಗೊತ್ತು. ನೀನು ಓಡಾಡುವುದು, ಬಚ್ಚಲ ನಲ್ಲಿ ಬಿಟ್ಟುಕೊಂಡು ಅಳುವುದು ಪೈಪಿನೊಳಗಿಂದ ನನಗೆ ಕೇಳುತ್ತದೆ. ದೂರು ಕೊಟ್ಟದ್ದು ನನ್ನ ಮೇಲಿನ ದ್ವೇಷಕ್ಕಲ್ಲ, ನಿಜ ಗೊತ್ತಾದರೆ ಮಗಳು ಎಲ್ಲಿ ದೂರವಾಗುತ್ತಾಳೋ ಎಂಬ ಭಯಕ್ಕೆ. ಅದಕ್ಕೇ ನಾಳೆ ನಾನು "ಎಸೆದವಳು ನಾನೇ" ಎಂದು ಬರೆದು ಸಹಿ ಹಾಕಿ ಬರುತ್ತೇನೆ. ನಮ್ಮವರಿಗೆ ಹೇಳಿದ್ದೇನೆ. "ಸುಳ್ಳಿಗೆ ಸಹಿ ಹಾಕ್ತೀಯೇನೇ?" ಎಂದು ಕೂಗಾಡಿದರು, ನಾನು ಲಾವಣ್ಯಾಳ ಹೆಸರು ಎತ್ತಿದ ಮೇಲೆ ಎದ್ದು ಬಾಲ್ಕನಿಗೆ ಹೋದರು. ಅವಳು ನನ್ನನ್ನು ಶಪಿಸಲಿ, ನನ್ನ ಮುಖಕ್ಕೆ ಉಗಿಯಲಿ. ದೊಡ್ಡಮ್ಮ ಇಲ್ಲದೆ ಮಕ್ಕಳು ಬದುಕುತ್ತವೆ. ಇಪ್ಪತ್ತು ದಾಟದ ಹುಡುಗಿ, ಒಂದು ಕಣ್ಣಿಟ್ಟುಕೊಂಡು, ಅಮ್ಮನೇ ಹೀಗೆ ಮಾಡಿದಳು ಎಂದುಕೊಂಡು ಹೇಗೆ ಬದುಕುತ್ತಾಳೆ?

ನಿನ್ನ ಮೇಲೆ ಪ್ರೀತಿಯಿಂದ ಎಂದುಕೊಳ್ಳಬೇಡ. ನಿನ್ನನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ಬಾಗಿನ ಕೊಡುವಾಗ ನೀನಾಡಿದ ಆ ಮಾತು ಸಾಯುವವರೆಗೂ ಮರೆಯುವುದಿಲ್ಲ, ನಿನ್ನತ್ತೆಯ ವಿಷಯದಲ್ಲಿ ನಾನಾಡಿದ್ದನ್ನು ನೀನೂ ಮರೆಯಬೇಡ. ಆದರೆ ಬಾಯಿ ಮುಚ್ಚಿಕೊಂಡಿರು. ಪಶ್ಚಾತ್ತಾಪ ಬಂತೆಂದು ಠಾಣೆಗೆ ಓಡಿ ನನ್ನ ಸಹಿಯನ್ನು ಹಾಳು ಮಾಡಬೇಡ. ಅವಳಿಗೆ ಊಟ ಮಾಡಿಸು. ಎಡಗಡೆಯಿಂದ ಹೋಗಿ ಮುಟ್ಟಬೇಡ, ಬೆಚ್ಚುತ್ತಾಳೆ.

ನಿನ್ನ ಪಾಲಿಗೆ ಏನಾಗಿ ಉಳಿದಿದ್ದೇನೋ ತಿಳಿಯದ,
ಲೀಲಕ್ಕ

ತಾ.ಕ.: ಇಷ್ಟು ಬರೆದು ಮಡಿಸುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಲಾವಣ್ಯಾ. ನೀನು ಮಲಗಿದ್ದೀಯೆಂದು ಮೇಲೆ ಬಂದಳಂತೆ. ಒಳಗೆ ಬರುವಾಗ ಎಡ ಭುಜ ಚೌಕಟ್ಟಿಗೆ ಬಡಿಯಿತು. ನಾನು ನಾಳೆಗೆಂದು ಬಾಯಿಪಾಠ ಮಾಡಿಕೊಂಡದ್ದನ್ನೇ ಹೇಳಿದೆ, "ನಾನೇ ಎಸೆದೆ ಮಗಳೇ" ಎಂದೆ. ಅವಳು ನನ್ನ ಬಾಯಿ ಮುಚ್ಚಿದಳು. "ಝೂಠ್ ಮತ್ ಬೋಲೋ ದೊಡ್ಡಮ್ಮ, ಸುಳ್ಳು ಬೇಡ. ನಾನು ನಿಮ್ಮ ಹಿಂದೇನೇ ಇದ್ದೆನಲ್ಲ, ಅಮ್ಮನ ಕೈ ನೋಡಿದೆ. ಆ ಕಣ್ಣಿಂದ ಲಾಸ್ಟ್ ನೋಡಿದ್ದು ಅದೇ. ಪೊಲೀಸ್‌ಗೆ ಕುಛ್ ನಹೀ ದೇಖಾ, ಏನೂ ನೋಡಿಲ್ಲ ಅಂದೆ. ಅಮ್ಮ ತಾನೇ ಹೇಳ್ತಾಳೆ ಅಂತ ರೋಜ್ ಕಾಯ್ತಿದ್ದೀನಿ. ಅವಳು ಹೇಳ್ತಾನೇ ಇಲ್ಲ" ಎಂದಳು. ನಾಳೆ ನಾನು ಠಾಣೆಗೆ ಹೋಗುವುದಿಲ್ಲ. ಈ ಕಾಗದ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಓದಿ ತಲೆ ಎತ್ತುವವರೆಗೂ ಅವಳು ಅಲ್ಲೇ ನಿಂತಿರುತ್ತಾಳೆ.