ಪಕ್ಕಪಕ್ಕದ ಎಲೆಗಳು

ಗೌನಿಪಲ್ಲಿ
6-5-2024

ಭಾರತಮ್ಮಕ್ಕನಿಗೆ ಶಾಮಲಮ್ಮನ ನಮಸ್ಕಾರ.

ಮೊನ್ನೆ ನಿಮ್ಮ ಯಜಮಾನರ ನುಡಿನಮನ ಸಭೆಯಲ್ಲಿ ಅವರು ಗೆದ್ದ ಕೇಸುಗಳನ್ನೂ ವಿಧಾನಸಭೆಯ ಭಾಷಣಗಳನ್ನೂ ಎಲ್ಲರೂ ಹೊಗಳಿದರು. ನಿಮ್ಮ ಅಡುಗೆಮನೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ನನಗೆ ಸಿಟ್ಟು ಬಂತು.

ಮಾವಿನ ತೋಟದ ಪಾಲಿಗಾಗಿ ನಾನು ಅಣ್ಣನ ಮೇಲೆ ಕೇಸು ಹಾಕಿದ್ದ ಕಾಲ. ಒಂದು ದಿನ ನಾನು ಲಾಯರನ್ನು ಕಾಣಲು ನಿಮ್ಮ ಮನೆಗೆ ಬಂದಿದ್ದೆ. ಅಣ್ಣ ಊರಿನ ರಸ್ತೆಗಾಗಿ ಎಂಎಲ್‌ಎಯನ್ನು ಕಾಣಲು ಬಂದಿದ್ದ. ಲಾಯರೂ ಎಂಎಲ್‌ಎಯೂ ಅವರೊಬ್ಬರೇ ಅಲ್ಲವೇ? ನೀವು ನಮ್ಮಿಬ್ಬರಿಗೂ ಪಕ್ಕಪಕ್ಕದಲ್ಲೇ ಮುತ್ತುಗದ ಎಲೆ ಹಾಕಿ ಮುದ್ದೆ ಬಡಿಸಿದಿರಿ. ನಾಲ್ಕು ವರ್ಷ ಮಾತಾಡದಿದ್ದ ಅಣ್ಣ, "ಸಾರಿಗೆ ಉಪ್ಪು ಬೇಕೇನೇ, ಪಾಪಾ?" ಎಂದ. ಮುಂದಿನ ತಿಂಗಳೇ ಕೋರ್ಟಿನಲ್ಲಿ ರಾಜಿಯಾದೆವು.

"ಅಯ್ಯೋ, ನಿಮ್ಮಿಬ್ಬರ ಮಧ್ಯೆ ಕೇಸಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣಮ್ಮ" ಎಂದು ಆಮೇಲೆ ನೀವು ನನ್ನ ಕೈ ಹಿಡಿದುಕೊಂಡಿರಿ. ನಾನೂ ನಂಬಿದವಳಂತೆ ತಲೆಯಾಡಿಸಿದೆ.

ಈ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ. ನನ್ನ ಇಬ್ಬರು ಗಂಡುಮಕ್ಕಳು ಮಾತು ಬಿಟ್ಟು ವರ್ಷವಾಯಿತು. ಇಬ್ಬರನ್ನೂ ಕರೆದಿದ್ದೇನೆ, ಒಬ್ಬನಿಗೆ ಇನ್ನೊಬ್ಬ ಬರುವುದು ತಿಳಿಯದು. ಎಲೆ ಮಾತ್ರ ನೀವೇ ಹಾಕಬೇಕು, ಏನೂ ಗೊತ್ತಿಲ್ಲದವರ ಹಾಗೆ.

ನಿಮ್ಮ ಮನೆಯ ಅನ್ನದ ಋಣದಲ್ಲಿರುವ
ಶಾಮಲಮ್ಮ