ತೆನೆ ನಿಂತಾಗ ಹೇಳದ ಹೆಸರು

ಹಿರೇನಲ್ಲೂರು
3 ಫೆಬ್ರವರಿ 2025

ಮಗಳು ವಿದ್ಯಾಶ್ರೀಗೆ ಅಪ್ಪನ ಪ್ರೀತಿಯ ಹಾರೈಕೆ.

ನಿನ್ನ ಕೆಮ್ಮು ಹೇಗಿದೆ? ಮ್ಯೂಸಿಯಮ್ಮಿನ ಸತ್ತ ಹಕ್ಕಿಗಳನ್ನು ಅಳೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ, ನಿನ್ನಮ್ಮ ದಿನಾ ಹೇಳುತ್ತಾಳೆ. ನಾವು ಚೆನ್ನಾಗಿದ್ದೇವೆ. ರಾಗಿ ಒಕ್ಕಣೆ ಮುಗಿಯಿತು.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನಾನು ಕಳಿಸಿದ, ನಮ್ಮ ಹೊಲಕ್ಕೆ ಬಂದ ಹಕ್ಕಿಗಳ ಮೂರು ತಿಂಗಳ ದಾಖಲೆಯನ್ನು ನಿನ್ನ ಪ್ರಬಂಧದಿಂದ ತೆಗೆದುಬಿಟ್ಟೆಯಂತೆ. ಬಿಳಿ ರಾಟವಾಳ ಹಕ್ಕಿ ಒಂದು ಕುಲ, ಚುಕ್ಕೆ ರಾಟವಾಳ ಇನ್ನೊಂದು ಕುಲ, ಎರಡಕ್ಕೂ ‘ನಮ್ಮೋರು’ ಎಂದೇ ಬರೆದರೆ ಬೇರೆ ಮಾಡುವುದು ಹೇಗೆ ಎಂದು ನಿನ್ನ ಗೈಡ್ ಕೇಳಿದರಂತೆ. ಅವರಿಗೆ ತಿಳಿಯದು, ಸರಿ. ನೀನು ಈ ಮನೆಯಲ್ಲೇ ಬೆಳೆದವಳಲ್ಲವೇ? ತೆನೆ ನಿಂತಿರುವಾಗ ಕಾಳು ತಿನ್ನುವ ಹಕ್ಕಿಗೆ ‘ನಮ್ಮೋರು’ ಎನ್ನುವುದು ಬಿಟ್ಟು ಅದರ ಹೆಸರನ್ನು ನಮ್ಮಲ್ಲಿ ಯಾರು ಹೇಳಿದ್ದಾರೆ? ‘ಹೆಸ್ರು ಎತ್ತಬ್ಯಾಡ ಕಣೇ, ಊಟಕ್ಕೆ ಕರ್ದಂಗಾಯ್ತದೆ’ ಎಂದು ನಿನ್ನಜ್ಜಿ ಹಾಲಮ್ಮ ನಿನ್ನ ಬಾಯಿ ಮುಚ್ಚಿದ್ದು ಮರೆತೆಯಾ? ಬಾಯಲ್ಲಿ ಆಡಬಾರದ್ದನ್ನು ಪುಸ್ತಕದಲ್ಲಿ ಬರೆಯುವುದು ಹೇಗೆ?

ಇನ್ನು ಹಕ್ಕಿಗಳಿಗೆ ಶಾಸ್ತ್ರದ ಹೆಸರಿಡುವ ನಿಮ್ಮವರ ಸಮಾಚಾರ. ಆ ಬಿಳಿಯದನ್ನು ಮೊದಲು ಲಾಂಚುರಾ ಕುಲದಲ್ಲಿ ಇಟ್ಟಿದ್ದರಂತೆ, ಈಗ ಯುಯೋಡೈಸ್‌ಗೆ ಹಾಕಿದ್ದಾರಂತೆ, ಅಣ್ಣತಮ್ಮಂದಿರು ಪಾಲಾಗಿ ಖಾತೆ ಬದಲಾಯಿಸಿದ ಹಾಗೆ. ಕುಲದ ಮುಂದೆ ಬರುವ ಅದರ ಸ್ವಂತ ಹೆಸರು ಮಲಬಾರಿನದು. ಜಡಿಮಳೆ ಕಂಡರಾಗದೆ ನಮ್ಮ ಜಾಲಿಯ ಬಯಲಲ್ಲಿ ಬದುಕುವ ಹಕ್ಕಿಗೆ ಯಾರೋ ಪುಣ್ಯಾತ್ಮ ಮಲಬಾರಿನ ಹೆಸರಿಟ್ಟು ಇನ್ನೂರೈವತ್ತು ವರ್ಷದ ಮೇಲಾಯಿತು. ತಿದ್ದುವ ಹಾಗಿಲ್ಲ, ಮೊದಲು ಇಟ್ಟ ಹೆಸರೇ ನಿಲ್ಲಬೇಕು, ಅದು ನಿಯಮ ಎನ್ನುತ್ತೀಯ. ಅವರದು ನಿಯಮ, ನಮ್ಮದು ಮಾತ್ರ ಮೂಢನಂಬಿಕೆ. ಯಾವ ನ್ಯಾಯ ಕಣಮ್ಮ ಇದು? ನನಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ.

ಬೈದೆನೆಂದು ಬೇಜಾರಾಗಬೇಡ. ಹೊತ್ತು ಹೊತ್ತಿಗೆ ಉಣ್ಣು. ವೀರಭದ್ರಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಷಣ್ಮುಖಪ್ಪ

ತಾ.ಕ.: ಕಡೂರಿನ ಬಸ್ಸಿಗೆ ಹೊತ್ತಾಯಿತು, ಆದರೂ ಇದನ್ನು ಹೇಳದೆ ಲಕೋಟೆ ಅಂಟಿಸಲು ಮನಸ್ಸಾಗುತ್ತಿಲ್ಲ. ಆ ದಾಖಲೆಯ ಪುಟಗಳು ನನ್ನವಲ್ಲ. ಹತ್ತು ದಿನ ಬರೆದು ನನಗೆ ಬೇಸರವಾಯಿತು. ಆಮೇಲೆ ದಿನಾ ಬೆಳಗ್ಗೆ ಬದುವಿನ ಮೇಲೆ ಕೂತು ಬರೆದವಳು ನಿನ್ನಮ್ಮ. ನಾನು ನಕಲು ಮಾಡಿ ನನ್ನ ಹೆಸರು ಹಾಕಿ ಕಳಿಸಿದೆ. ನಿನ್ನೆ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಪ್ರತಿ ‘ನಮ್ಮೋರು’ ಪಕ್ಕದಲ್ಲೂ ಬಿಳಿಯದಕ್ಕೆ ಗೆರೆ, ಚುಕ್ಕೆಯದಕ್ಕೆ ಚುಕ್ಕೆ ಹಾಕಿದ್ದಾಳೆ. ಮಸಿಯ ಕಲೆ ಎಂದುಕೊಂಡು ನಕಲು ಮಾಡುವಾಗ ನಾನೇ ಅವನ್ನು ಬಿಟ್ಟಿದ್ದೆ. ಪುಟ ತೆಗೆದ ಸುದ್ದಿ ಅವಳಿಗಿನ್ನೂ ಹೇಳಿಲ್ಲ. ನೋಟ್‌ಬುಕ್ ಈ ಲಕೋಟೆಯಲ್ಲೇ ಇದೆ. ಮತ್ತೆ ಸೇರಿಸು, ತೀರ್ಥಮ್ಮ ಎಂದು ಹೆಸರು ಹಾಕು.